ನಡುಮನೆಯ ಅಡ್ಡಗೋಡೆ

ನಡುಮನೆಗೆ ಅಡ್ಡಗೋಡೆ ಬೇಕು ಅಂತ ಮೊದಲು ಬಾಯಿಬಿಟ್ಟವಳು ಶಾಂತಮಲ್ಲಮ್ಮನೇ. ಹಾಗಾಗಿ ಮುಂದೆ ಯಾರನ್ನಾದರೂ ದೂರೋಣ ಅಂದರೆ ಅವಳಿಗೆ ದಾರಿಯೇ ಇರಲಿಲ್ಲ. ಮಕ್ಕಳಾಗಲಿಲ್ಲ, ಮಗನಿಗೆ ಇನ್ನೊಂದು ಮದುವೆ ಮಾಡಬೇಕು ಅಂತ ಅತ್ತೆ ಕರಿಬಸಮ್ಮ ವರ್ಷಾನುಗಟ್ಟಲೆ ಗೊಣಗಿದಾಗ, ಎಲ್ಲಿಂದಲೋ ಬಂದವಳು ತಲೆಯ ಮೇಲೆ ಕೂರುವುದಕ್ಕಿಂತ ತನ್ನವರೇ ಆದರೆ ವಾಸಿ ಅಂತ, ತವರಾದ ಬೇಗೂರಿಗೆ ಹೋಗಿ ಚಿಕ್ಕಪ್ಪ ಮರಿಮಲ್ಲಪ್ಪನ ಮಗಳು ಚಂದ್ರಮತಿಯನ್ನು ಕೇಳಿ ಒಪ್ಪಿಸಿದವಳೂ ಅವಳೇ. ಮದುವೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಾಡಿದವಳೂ ಅವಳೇ. ಬೀದಿಯವರೆಲ್ಲ "ಎಂಥಾ ದೊಡ್ಡ ಮನಸು" ಅಂದರು. ದೊಡ್ಡ ಮನಸ್ಸಿನವಳು ಇನ್ನು ಮೇಲೆ ಎಲ್ಲಿ ಮಲಗುತ್ತಾಳೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಚಾಮರಾಜನಗರದ ಅಂಚಿನಲ್ಲಿ, ಗುಂಡ್ಲುಪೇಟೆ ರಸ್ತೆಗೆ ಮುಖ ಮಾಡಿದ್ದ ಆ ಮನೆಗೆ ಇದ್ದದ್ದು ಒಂದೇ ದೊಡ್ಡ ನಡುಮನೆ. ಒಂದು ಮೂಲೆಗೆ ಅಡುಗೆಮನೆ, ಇನ್ನೊಂದು ಮೂಲೆಗೆ ದೇವರ ಕೋಣೆ, ಹಿಂದುಗಡೆ ದನದ ಕೊಟ್ಟಿಗೆ. ಉಣ್ಣುವುದು, ಮಲಗುವುದು, ನೆಂಟರನ್ನು ಕೂರಿಸುವುದು ಎಲ್ಲ ನಡುಮನೆಯಲ್ಲೇ. ಹೊಸ ಮದುಮಕ್ಕಳಿಗೆ ಮರೆ ಬೇಕಲ್ಲ ಅಂತ ಕರಿಬಸಮ್ಮ ಸೊಸೆಯ ಪೆಟ್ಟಿಗೆ ತೆಗೆದು, ದಪ್ಪಗಿದೆ ಅನ್ನುವ ಒಂದೇ ಕಾರಣಕ್ಕೆ ಶಾಂತಮಲ್ಲಮ್ಮನ ಮದುವೆ ಸೀರೆಯನ್ನೇ ಹಗ್ಗಕ್ಕೆ ಇಳಿಬಿಟ್ಟಳು. ಮುದುಕಿಗೆ ಅದರಲ್ಲಿ ಕೆಟ್ಟ ಯೋಚನೆ ಏನೂ ಇರಲಿಲ್ಲ. ಕೆಟ್ಟ ಯೋಚನೆ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಸೀರೆ ಕಣ್ಣಿಗೆ ಮರೆ, ಕಿವಿಗಲ್ಲ. ಆ ಕಡೆ ಬಳೆ ಸದ್ದಾದರೆ ಈ ಕಡೆ ಶಾಂತಮಲ್ಲಮ್ಮ ನಿದ್ದೆ ಬಂದವಳಂತೆ ಉಸಿರು ಎಳೆಯುವಳು. ಈ ಕಡೆ ಅವಳು ಕೆಮ್ಮಿದರೆ ಆ ಕಡೆಯ ಪಿಸುಮಾತು ತಟ್ಟನೆ ನಿಲ್ಲುವುದು. ಬೆಳಗಾದರೆ ನಾಲ್ಕು ಜನವೂ ಒಬ್ಬರ ಮುಖ ಒಬ್ಬರು ನೋಡದೆ ರೊಟ್ಟಿ ಮುರಿಯುತ್ತಿದ್ದರು.

"ಇಲ್ಲೊಂದು ಗೋಡೆ ಎಬ್ಬಿಸ್ಬುಡಿ," ಅಂದಳು ಶಾಂತಮಲ್ಲಮ್ಮ ಒಂದು ಬೆಳಿಗ್ಗೆ, ರೊಟ್ಟಿಗೆ ಬೆಣ್ಣೆ ಹಾಕುತ್ತ.

ಕರಿಬಸಮ್ಮನಿಗೆ ಸಿಟ್ಟು ಬಂತು. "ನಿಮ್ಮಾವ ಕಟ್ಸಿದ್ ಮನೆಗೆ ಅಡ್ಡಗೋಡೆನಾ? ಮನೆ ಪಾಲಾಯ್ತು ಅಂತಾರ ಕಣಮ್ಮಿ ಊರೋರು."

"ಸೀರೆ ಕಟ್ದಾಗ ಅನ್ನದೋರು ಗೋಡೆ ಕಟ್ದಾಗ ಯಾಕಂದಾರು ಅತ್ತಮ್ಮ?"

ಚಂದ್ರಮತಿ ತಲೆ ತಗ್ಗಿಸಿ ಒಳಗೆ ಎದ್ದುಹೋದಳು. ಗಂಡ ಗುರುಪಾದಸ್ವಾಮಿ ಕೈ ತೊಳೆಯಲೂ ಇಲ್ಲ, ಏಳಲೂ ಇಲ್ಲ. ಇಟ್ಟಿಗೆ ಗೂಡಿನ ಯಜಮಾನ. ಗೋಡೆಯ ಮಾತು ಬಂದರೆ ಅವನಿಗೆ ಉಳಿದದ್ದೆಲ್ಲ ಮರೆತುಹೋಗುತ್ತಿತ್ತು.

"ಎಬ್ಬಿಸ್ಬೋದು," ಅಂದ. "ಆದ್ರ ಕೆಳಗೆ ಹಗೇವು ಅದ."

ಅದು ನಿಜ. ಹಿಂದಿನವರು ರಾಗಿ ತುಂಬಿಡಲು ನೆಲದಡಿಯಲ್ಲಿ ತೋಡಿಸಿದ್ದ ಹಗೇವು ಸರಿಯಾಗಿ ನಡುಮನೆಯ ಮಧ್ಯಕ್ಕೇ ಇತ್ತು. ಈಗ ಅದರೊಳಗೆ ರಾಗಿ ಇಲ್ಲ, ಬರೀ ಕತ್ತಲೆ. ಮೇಲೆ ಕಲ್ಲಿನ ಗೋಡೆಯೋ ಗಟ್ಟಿ ಇಟ್ಟಿಗೆಯ ಗೋಡೆಯೋ ಕೂತರೆ ನೆಲ ಕುಸಿಯುವುದು ಗ್ಯಾರಂಟಿ.

"ಮೈಸೂರಿಗೆ ಲೋಡ್ ಇಳ್ಸಕ್ಕೋದಾಗ ನೋಡಿದ್ದೆ. ಮಹಡಿ ಮ್ಯಾಲ ಒಳಗೋಡೆಗೆ ಅಂತ್ಲೇ ಟೊಳ್ಳಿಟ್ಟಿಗೆ ಮಾಡ್ತಾರ. ಒಳಗೆಲ್ಲ ತೂತು. ಭಾರನೇ ಇಲ್ಲ."

"ತೂತಿಗೂ ಕಾಸು ಇಸ್ಕತಾರೇನ್ಲಾ?" ಅಂದಳು ಕರಿಬಸಮ್ಮ.

"ಇಸ್ಕತಾರ ಕಣವ್ವ."

"ಹಂಗಾದ್ರ ನೀನೂ ತೂತು ಮಾರು. ಮಣ್ಣು ಮಾರಿ ಏನ್ ಉದ್ಧಾರ ಆದೆ?"

ಅಷ್ಟು ಹೇಳಿ ಮುದುಕಿ ತಟ್ಟೆಗೆ ನೀರು ಹುಯ್ದು, ಬೆರಳಲ್ಲಿ ತಿರುವಿ ಕುಡಿದಳು. ಆ ಮನೆಯಲ್ಲಿ ಎಲ್ಲರೂ ಹಾಗೇ. ತಟ್ಟೆಯಲ್ಲಿ ಒಂದು ಅಗುಳು ಉಳಿಯುವಂತಿಲ್ಲ, ಉಂಡ ತಟ್ಟೆ ತೊಳೆದ ನೀರನ್ನೂ ಚೆಲ್ಲುವಂತಿಲ್ಲ. ಕರಿಬಸಮ್ಮ ಇರುವ ತನಕ ಆ ನೇಮಕ್ಕೆ ಮೋಸವಿರಲಿಲ್ಲ.

ಗುರುಪಾದಸ್ವಾಮಿ ಬಡಗಿಯ ಹತ್ತಿರ ದೊಡ್ಡ ಅಚ್ಚು ಮಾಡಿಸಿದ, ತೂತು ಬೀಳಿಸಲು ಮರದ ಗೂಟಗಳನ್ನು ಮಾಡಿಸಿದ. ಅಚ್ಚಿಗೆ ಮಣ್ಣು ತುಂಬಿ, ಗೂಟ ಇಳಿಸಿ, ಎಳೆದರೆ ಗೂಟದ ಜೊತೆಗೇ ಮಣ್ಣೂ ಕಿತ್ತುಕೊಂಡು ಬರುತ್ತಿತ್ತು. ಬಾರದೆ ಉಳಿದದ್ದು ಒಣಗುವಾಗ ಬಾಯಿ ಬಿಡುತ್ತಿತ್ತು. ವಾರವಿಡೀ ಹೀಗೇ ಆಗಿ, ಮನೆಗೆ ಬಂದವನು ಹೊಸ ಹೆಂಡತಿಯ ಮೇಲೂ ರೇಗುವುದಕ್ಕೆ ಶುರುಮಾಡಿದ. ಸಾರಿಗೆ ಉಪ್ಪಿಲ್ಲ, ಮುದ್ದೆಗೆ ಗಂಟಿದೆ, ನೀರು ಬಿಸಿಯಿಲ್ಲ. ಚಂದ್ರಮತಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುವಳು. ಶಾಂತಮಲ್ಲಮ್ಮ ನೋಡಿಯೂ ನೋಡದಂತೆ ಒಲೆ ಊದುವಳು.

ಕೊನೆಗೆ ಒಂದು ಬೆಳಿಗ್ಗೆ ಅವನು ಎತ್ತಲೋ ನೋಡುತ್ತ ಅಂದ: "ಶಾಂತ, ಒಂದ್ಸಲ ಗೂಡಿನ್ ತಾವ ಬಾ."

ಮದುವೆಯಾದಾಗಿನಿಂದ ಅವನ ಜೊತೆ ಗೂಡಿನಲ್ಲಿ ಮಣ್ಣು ತುಳಿದವಳು ಅವಳು. ಇಟ್ಟಿಗೆ ಬೆಂದಿದೆಯೋ ಇಲ್ಲವೋ ಅಂತ ಹೊಗೆಯ ಬಣ್ಣ ನೋಡಿ ಹೇಳುತ್ತಿದ್ದಳು. ಚಂದ್ರಮತಿ ಬಂದ ಮೇಲೆ, ಗಂಡನಿಗೆ ಬುತ್ತಿ ಒಯ್ಯುವುದು ಹೊಸಬಳ ಹಕ್ಕು ಅಂತ ಅತ್ತೆ ಹೇಳಿದ್ದಕ್ಕೆ ಆ ಕಡೆ ಕಾಲಿಟ್ಟಿರಲಿಲ್ಲ. ಈಗ ಅವನಾಗಿ ಕರೆದ. ಬೇಗ ಬೇಗ ತಲೆ ಬಾಚಿಕೊಂಡು ಹೊರಟವಳು ಬಾಚಣಿಗೆಯನ್ನು ಮಡಿಲಲ್ಲೇ ಮರೆತು ಕೊಂಡುಹೋದಳು.

ಕೆರೆಯ ಹಿಂದೆ, ಹೊಂಗೆ ಮರದ ನೆರಳಲ್ಲಿ ಅವನು ಗೂಟ ಎಳೆದು ತೋರಿಸಿದ. ಮಣ್ಣು ಕಿತ್ತು ಬಂತು.

"ಮುದ್ದೆ ಕೋಲು ನೆನೆಸ್ದೆ ತೊಳಸುದ್ರ ಹಿಟ್ಟೂ ಕೋಲಿನ್ ಜೊತೆಗೇ ಬತ್ತದ," ಅಂದಳು. ಗೂಟವನ್ನು ನೀರಲ್ಲಿ ಅದ್ದಿ, ಜರಡಿ ಹಿಡಿದ ಬೂದಿಯಲ್ಲಿ ಹೊರಳಿಸಿ ಕೊಟ್ಟಳು. "ತುದಿ ಸ್ವಲ್ಪ ಸಣ್ಣಗೆ ಕೆತ್ತಿ. ತಿರುಗ್ಸಿ ಎಳೀರಿ."

ಗೂಟ ನುಣ್ಣಗೆ ಬಂತು. ಅವನು ತೂತಿಗೆ ಕಣ್ಣಿಟ್ಟು ನೋಡಿದ. ಆಮೇಲೆ ಅವಳ ಕಡೆ ನೋಡಿ ನಕ್ಕ. ಎಷ್ಟೋ ದಿನದ ಮೇಲೆ ಅವಳ ಕಡೆ ನೋಡಿ ನಕ್ಕದ್ದು. ಶಾಂತಮಲ್ಲಮ್ಮನಿಗೆ ಆ ಸಂತೋಷ ತಡೆಯಲಾಗಲಿಲ್ಲ, ಸುಮ್ಮನೆ ಬೂದಿ ಕೈ ಕೊಡವುತ್ತ ನಿಂತಳು.

ಅಲ್ಲಿಂದ ದಿನವೂ ಹೋದಳು. ಬಿಸಿಲಿಗಿಡದೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಒಣಗಿಸಿದರು. ಬಾಯಿ ಬಿಡುವುದು ನಿಂತಿತು. ಇಟ್ಟಿಗೆಯ ನುಣುಪಾದ ಮೈಗೆ ಗಾರೆ ಹಿಡಿಯುತ್ತಿರಲಿಲ್ಲ. ಅವಳು ಮೊದಲ ದಿನ ಮಡಿಲಲ್ಲಿ ಬಂದಿದ್ದ ಬಾಚಣಿಗೆ ತೆಗೆದುಕೊಂಡು ಹಸಿ ಇಟ್ಟಿಗೆಯ ಮೇಲೆ ಉದ್ದಕ್ಕೆ ಗೀರೆಳೆದಳು. ಗಾರೆ ಕಚ್ಚಿಕೊಂಡಿತು. "ನಿನ್ನ ತಲೆಗೆ?" ಅಂದ ಅವನು. "ತಲೆಗಿನ್ನೇನು, ಬೆರಳಿವೆ," ಅಂದಳು.

ಇಟ್ಟಿಗೆ ಹಗುರವಾಯಿತು, ಗಟ್ಟಿಯೂ ಆಯಿತು. ಆದರೆ ಮಾತು ದಾಟಬಾರದಲ್ಲ, ಅದಕ್ಕೇ ಅಲ್ಲವೇ ಗೋಡೆ ಬೇಕಾದದ್ದು? ಅದನ್ನು ಹೇಗೆ ತಿಳಿಯುವುದು? ಗೂಡಿನ ಹತ್ತಿರ ಸಾಮಾನು ಇಡುವ ಗುಡಿಸಲಿಗೆ ಎರಡು ಕಡೆ ಬಾಗಿಲಿತ್ತು. ಅದರ ನಡುವೆ ಹುಲ್ಲಿನ ಸೂರಿಗೆ ತಾಕುವಂತೆ ಟೊಳ್ಳಿಟ್ಟಿಗೆಯ ಗೋಡೆ ಎಬ್ಬಿಸಿದರು. ಅವನು ಆ ಕಡೆ, ಅವಳು ಈ ಕಡೆ. ಅವನು ಏನಾದರೂ ಮಾತಾಡಬೇಕು, ಅವಳು ಹೊರಗೆ ಬಂದು ಕೇಳಿದ್ದನ್ನು ಹೇಳಬೇಕು.

"ಏನ್ ಕೇಳ್ತು?"

"ಮಳೆ ಬರೋ ಹಂಗದ, ಗೋಣಿ ಸಾಲ್ದು ಅಂದ್ರಿ. ಆಮ್ಯಾಲ ಮೂಗು ಸೀಟಿದ್ರಿ."

"ಥೂ ಇದರ! ಕೊಳವೆ ಇಟ್ಟಂಗೆ ಕೇಳ್ತದಲ್ಲ," ಅಂತ ಅವನು ನಕ್ಕ.

ತೂತು ಈ ತುದಿಯಿಂದ ಆ ತುದಿಗೆ ಹಾದುಹೋಗಿದ್ದೇ ತಪ್ಪು ಅಂತ ಇಬ್ಬರಿಗೂ ಹೊಳೆಯಿತು. ಗೋಡೆ ಬಿಚ್ಚಿ, ಗೂಟ ಪೂರ್ತಿ ಇಳಿಸದೆ, ಒಂದು ಕಡೆ ಮುಚ್ಚಿರುವ ಇಟ್ಟಿಗೆ ಮಾಡಿ ಬೇಯಿಸಿದರು. ಕೆಲಸ ನಿಧಾನ. ಮಧ್ಯಾಹ್ನ ಒಂದೇ ಬುತ್ತಿಯ ಗಂಟು ಬಿಚ್ಚಿ ಹುರುಳಿ ಸಾರಿಗೆ ಮುದ್ದೆ ಅದ್ದಿ ಉಣ್ಣುವಾಗ ಅವನು ಬಿಡದೆ ಮಾತಾಡುತ್ತಿದ್ದ: ಮಣ್ಣಿನ ಹದ, ಸೌದೆಯ ಬೆಲೆ, ಮೈಸೂರಲ್ಲಿ ನೋಡಿದ ಮಹಡಿಗಳು. ಅವಳು ಹ್ಞೂಗುಟ್ಟುತ್ತಿದ್ದಳು. ಹಳೆಯ ದಿನಗಳೇ ತಿರುಗಿ ಬಂದ ಹಾಗಿತ್ತು.

ಎರಡನೆಯ ಗೋಡೆ ಎದ್ದಿತು. ಅವಳು ಗುಡಿಸಲೊಳಗೆ ಗೋಡೆಗೆ ಕಿವಿ ಕೊಟ್ಟು ನಿಂತಳು. ಆ ಕಡೆಯಿಂದ ಮೆಲ್ಲನೆ ದನಿ ಬಂತು, ಮಂಕಾಗಿದ್ದರೂ ಒಂದೊಂದು ಮಾತೂ ತಿಳಿಯುವಂತೆ.

"ನೀ ಬೇಗೂರಿಗೆ ಹೋಗ್ಬಾರ್ದಾಗಿತ್ತು ಕಣ ಶಾಂತ."

ಅವಳು ಅಲ್ಲೇ ನಿಂತಳು. ಹೊರಗೆ ಬಂದಾಗ ಅವನು ಹೊಂಗೆ ಮರದ ಕೆಳಗೆ ಉಗುರಿನ ಮಣ್ಣು ತೆಗೆಯುತ್ತಿದ್ದ.

"ಏನ್ ಕೇಳ್ತು?"

"ಬೇಗೂರು ಅಂದಂಗಾಯ್ತು. ಮಿಕ್ಕಿದ್ದು ತಿಳೀಲಿಲ್ಲ."

"ಹ್ಞೂ," ಅಂದ ಅವನು. "ಬೇಗೂರಿನ ಸಂತೆ ವಿಚಾರ ಅಂದೆ. ಒಂದ್ ಮಾತು ದಾಟುದ್ರೂ ಕೆಟ್ಟದ್ದೇ. ಇನ್ನೊಂದ್ಸಲ ಮಾಡನ."

ಇನ್ನೊಂದು ಸಲ ಮಾಡಿದರು. ಈಗ ತೂತುಗಳನ್ನು ಎರಡು ಸಾಲಾಗಿಸಿ, ಒಂದರ ಎದುರಿಗೆ ಇನ್ನೊಂದು ಬಾರದಂತೆ ಸರಿಸಿದರು. ಅದು ಶಾಂತಮಲ್ಲಮ್ಮನ ಯೋಚನೆ. ಇಟ್ಟಿಗೆ ಬೆಂದು, ಆರಿ, ಗೋಡೆ ಎದ್ದ ದಿನ ಅವಳು ಕಿವಿ ಅಂಟಿಸಿ ನಿಂತಳು. ಏನೂ ಇಲ್ಲ. ಉಸಿರು ಹಿಡಿದಳು. ಹುಲ್ಲಿನ ಸೂರಿನಲ್ಲಿ ಗುಬ್ಬಚ್ಚಿ ಕಚಪಚ ಅನ್ನುತ್ತಿತ್ತು, ಅಷ್ಟೇ. ಗೋಡೆ ಗೆದ್ದಿತ್ತು.

ಗೆದ್ದರೆ ಮುಂದೇನು? ನಾಳೆ ಇಟ್ಟಿಗೆ ಗಾಡಿಗೇರುತ್ತದೆ, ನಡುಮನೆಗೆ ಹೋಗುತ್ತದೆ, ಅವಳು ಒಲೆಯ ಮುಂದೆ ಕೂರುತ್ತಾಳೆ, ಬುತ್ತಿಯನ್ನು ಚಂದ್ರಮತಿ ತರುತ್ತಾಳೆ. ಶಾಂತಮಲ್ಲಮ್ಮ ಹೊರಗೆ ಬಂದಳು. ನೆತ್ತಿಯ ಮೇಲೆ ಸೂರ್ಯ ಇದ್ದ. ಇಷ್ಟು ವರ್ಷ ಬಾಳಿದವಳಿಗೆ ಗಂಡ ಈ ಹೊತ್ತಲ್ಲಿ ಏನನ್ನುತ್ತಾನೆ ಅಂತ ಗೊತ್ತಿರುವುದಿಲ್ಲವೇ?

"ಏನ್ ಕೇಳ್ತು?" ಅಂದ.

"ಹೊಟ್ಟೆ ಹಸೀತದ ಅಂದ್ರಿ."

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ಹ್ಞೂ. ಅದನ್ನೇ ಅಂದದ್ದು," ಅಂದ. "ಇನ್ನೂ ಸರಿಹೋಗಿಲ್ಲ ಹಂಗಾದ್ರ. ಬುತ್ತಿ ಬಿಚ್ಚು."

ಊಹೆ ಹೊಂದಿದ್ದಕ್ಕೆ ಅವಳು ಒಳಗೊಳಗೇ ಹಿಗ್ಗಿದಳು. ಅಲ್ಲಿಂದ ಕೆಲವು ವಾರ ಸುಳ್ಳಿನ ಮೇಲೆ ಸುಳ್ಳು. ಗೂಟ ದಪ್ಪ ಮಾಡಿದರು, ಸಣ್ಣ ಮಾಡಿದರು. ಮಣ್ಣಿಗೆ ಹೊಟ್ಟು ಬೆರೆಸಿದರು, ಬಿಟ್ಟರು. ಸರಿಯಿದ್ದ ಇಟ್ಟಿಗೆಯನ್ನು ತಿದ್ದುವುದಕ್ಕೆ ಇಬ್ಬರೂ ಬೆವರು ಸುರಿಸಿದರು. ಪ್ರತಿ ಸಲವೂ ಅವಳು "ಅಷ್ಟಿಷ್ಟು ಕೇಳ್ತದ" ಅನ್ನುವಳು, ಅವನು "ಇನ್ನೊಂದ್ಸಲ ಮಾಡನ" ಅನ್ನುವನು. ಮನೆಯಲ್ಲಿ ಸೀರೆ ಇನ್ನೂ ಹಗ್ಗದ ಮೇಲೇ ಇತ್ತು.

ಕರಿಬಸಮ್ಮನ ತಾಳ್ಮೆ ಕೆಟ್ಟಿತು. ಒಂದು ಸಂಜೆ ಮಗ ಉಣ್ಣಲು ಕೂತಾಗ ಶುರುವಾದಳು.

"ಏನ್ಲಾ, ಅರಮನೆ ಕಟ್ತಿದ್ದಿಯಾ? ಒಂದ್ ಗೋಡೆಗೆ ಎಷ್ಟ್ ದಿನ್ಲಾ? ಸೌದೆಗೆ ಸುರಿಯಕ್ಕ ನಿಮ್ಮಪ್ಪ ಗಂಟಿಟ್ಟೋಗಿದ್ದಾನಾ?"

"ಮಾತು ದಾಟ್ತದ ಕಣವ್ವ ಇನ್ನೂ."

"ದಾಟ್ಲಿ ಬುಡು. ಯಾವ ದೊಡ್ಡ ಮಾತಾಡ್ತಿಯೆ ನೀನು? ನಾನು ಆರ್ ಹೆತ್ತೆ, ಒಂದ್ ಗೋಡೆ ಕಂಡಿರ್ಲಿಲ್ಲ."

ಚಂದ್ರಮತಿ ಅವನ ಮುದ್ದೆಗೆ ಸಾರು ಬಿಡುತ್ತಿದ್ದಳು. ಸಾರು ತಟ್ಟೆಯಾಚೆ ಚೆಲ್ಲಿತು. ಮುದುಕಿ ಅದಕ್ಕೂ ಒಂದು ಮಾತು ಅಂದಳು: "ನಿಮ್ಮಕ್ಕ ಬಂದಾಗ ಒಂದ್ ತೊಟ್ಟು ಚೆಲ್ತಿರ್ಲಿಲ್ಲ ಕಣಮ್ಮಿ."

ಮಾರನೆಯ ದಿನ ಶಾಂತಮಲ್ಲಮ್ಮ ಗೂಡಿಗೆ ಹೊರಡುವಾಗ ಚಂದ್ರಮತಿ ಹಿತ್ತಲಲ್ಲಿ ಕೊಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಓಕರಿಸುತ್ತಿದ್ದಳು. ಇವಳು ಬೆನ್ನು ನೀವಿದಳು. ನೀವುತ್ತಲೇ ಅರ್ಥವಾಯಿತು.

"ಎಷ್ಟ್ ದಿನ ಆಯ್ತು ಮಗ?"

"ಹೋದ್ ತಿಂಗ್ಳೂ ಆಗ್ಲಿಲ್ಲ ಅಕ್ಕ."

"ಅವರಿಗೆ ಹೇಳಿದ್ಯಾ?"

"ಯಾವಾಗ ಹೇಳ್ಲಿ?" ಹುಡುಗಿ ಬಾಯಿ ಒರೆಸಿಕೊಂಡು ಒಮ್ಮೆಲೇ ಅತ್ತಳು. "ಬೆಳಗ್ಗೆ ನೀವಿಬ್ರೂ ಹೋದ್ರ ಬೈಗಿಗೆ ಬತ್ತೀರಿ. ಬಂದ್ ಮ್ಯಾಲೂ ಇಟ್ಟಿಗೆ ಮಾತೇ. ಪರದೆ ಹಿಂದ್ಗಡೆ ಪಿಸುಗುಟ್ಟಕ್ಕೂ ಭಯ, ಅತ್ತಮ್ಮ ಕೇಳ್ತಾರ, ನೀ ಕೇಳ್ತಿಯೆ. ಅಕ್ಕ ಇದ್ದಾಳಲ್ಲ, ಜೊತೇಲಿ ಇರ್ಬೋದು ಅಂತ ಅಲ್ವ ಅಪ್ಪ ನನ್ನ ಕೊಟ್ಟದ್ದು? ನೀನೇ ಕರ್ಕಂಬಂದೆ, ನೀನೇ ಬುಟ್ಬುಟ್ಟು ಹೋದೆ."

ಶಾಂತಮಲ್ಲಮ್ಮ ತನ್ನ ಸಂಕಟವೇ ದೊಡ್ಡದು ಅಂದುಕೊಂಡು ಇವಳ ಸಂಕಟವನ್ನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. ಹುಡುಗಿಯ ಮುಖ ತೊಳೆಸಿ, ಒಳಗೆ ಕೂರಿಸಿ, ನಿಂಬೆಹಣ್ಣಿನ ಉಪ್ಪಿನಕಾಯಿ ನೆಕ್ಕಲು ಕೊಟ್ಟು ಗೂಡಿಗೆ ಹೋದಳು.

ಅವತ್ತೂ ಗೋಡೆಗೆ ಕಿವಿ ಕೊಟ್ಟಳು. ಹೊರಗೆ ಬಂದಳು.

"ಏನ್ ಕೇಳ್ತು?"

"ಏನೂ ಕೇಳ್ಲಿಲ್ಲ."

ಅವನು ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಕೇಳಿದ: "ಏನೂ?"

"ಏನೂ ಇಲ್ಲ. ಇನ್ನು ಗಾಡಿ ಕಟ್ಸಿ. ಮನೇಲಿ ಚಂದ್ರ ಬಸರಿ."

ಅವನು ತಲೆ ಆಡಿಸಿದ. ಗುಡಿಸಲ ಕಡೆ ತಿರುಗಿ ನೋಡಿದ. "ಹಂಗಾದ್ರ ಸರಿಹೋಯ್ತು ಬುಡು," ಅಂದ. ಆ ಮಧ್ಯಾಹ್ನ ಇಬ್ಬರೂ ಮಾತಿಲ್ಲದೆ ಉಂಡರು.

ನಡುಮನೆಯಲ್ಲಿ ಗೋಡೆ ಎದ್ದಿತು. ಹಗೇವಿನ ಮೇಲೆ ಹಗುರವಾಗಿ ಕೂತಿತು. ನೆಲ ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ. ಬಾಚಣಿಗೆಯ ಗೀರೆಲ್ಲ ಗಾರೆಯ ಕೆಳಗೆ ಮುಚ್ಚಿಹೋಯಿತು. ಸೀರೆಯನ್ನು ಹಗ್ಗದಿಂದ ಇಳಿಸಿ ಕರಿಬಸಮ್ಮ ಒಗೆದು ಮಡಿಸಿಟ್ಟಳು, ಕೂಸಿನ ತೊಟ್ಟಿಲಿಗೆ ಆಗುತ್ತದೆ ಅಂತ. ಚಂದ್ರಮತಿಯ ಮುಖಕ್ಕೆ ಕಳೆ ಬಂತು. ಅವಳು ನಗುತ್ತಿದ್ದಳೋ ಏನೋ, ಈ ಕಡೆಗೆ ತಿಳಿಯುವಂತಿರಲಿಲ್ಲ. ಶಾಂತಮಲ್ಲಮ್ಮ ಈಗ ಎಷ್ಟು ಬೇಕಾದರೂ ಕೆಮ್ಮಬಹುದಿತ್ತು. ಕೆಮ್ಮಿಯೂ ನೋಡಿದಳು. ಆ ಕಡೆಯಿಂದ ಏನೂ ಬರಲಿಲ್ಲ. ಅಷ್ಟು ಒಳ್ಳೆಯ ಗೋಡೆಯನ್ನು ಕಟ್ಟಬಾರದು ಅಂತ ಅವಳಿಗೆ ಅನ್ನಿಸಿತು.

ಗೋಡೆಯ ಸುದ್ದಿ ಊರಾಡಿತು. ಗುಂಡ್ಲುಪೇಟೆಯಲ್ಲಿ ಮಹಡಿ ಛತ್ರ ಕಟ್ಟಿಸುತ್ತಿದ್ದ ಅರಿಶಿನದ ವ್ಯಾಪಾರಿ ಪುಟ್ಟಮಲ್ಲಪ್ಪ ಒಂದು ದಿನ ಬಂದು, ಕಾಫಿ ಕುಡಿದು, ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿದ. "ಮಹಡಿ ಮ್ಯಾಲ ಕೋಣೆಗಳಿಗೆ ಇದೇ ಬೇಕು ಸ್ವಾಮಿ. ಆದ್ರ ಇಲ್ಲಿಂದ ಗಾಡಿ ಮ್ಯಾಲ ಬಂದ್ರ ಅರ್ಧ ಪುಡಿಯಾಗಿರ್ತದ. ಅಲ್ಲೇ ಬಂದು ಗೂಡು ಹಾಕಿ. ಜಾಗ ಕೊಡ್ತಿನಿ, ಇರಕ್ಕೆ ಮನೆ ಕೊಡ್ತಿನಿ."

ಅವನು ಹೋದ ಮೇಲೆ ಮನೆಯಲ್ಲಿ ಮಾತು ನಡೆಯಿತು.

"ಬಸರಿ ಹುಡ್ಗೀನ ಬುಟ್ಟು ನೀ ಒಬ್ನೇ ಹೋಗಂಗಿಲ್ಲ," ಅಂದಳು ಕರಿಬಸಮ್ಮ. "ಅವಳ್ನ ಕರ್ಕ ಓಗು. ಬಾಣಂತನಕ್ಕೆ ಬೇಗೂರೂ ಹತ್ರ ಆಯ್ತದ. ನಾನೂ ಬತ್ತಿನಿ. ಕೂಸು ಎತ್ತಾಡ್ಸಕ್ಕೆ ಅಲ್ವ ನಾ ಉಸಿರಿಟ್ಕಂಡಿರದು?"

"ಅಕ್ಕ?" ಅಂದಳು ಚಂದ್ರಮತಿ.

"ಇಲ್ಲಿನ್ ಗೂಡು ಯಾರ್ ನೋಡ್ಬೇಕು? ದನ ಯಾರ್ ನೋಡ್ಬೇಕು? ಅವಳಿಗೇನಮ್ಮಿ, ಗಂಡ್ಸಿನಂಗೆ ನಡಸ್ತಾಳ."

ಅದು ಹೊಗಳಿಕೆಯೇ. ಶಾಂತಮಲ್ಲಮ್ಮ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

"ನೋಡ್ಕತಿನಿ ಬುಡಿ," ಅಂದಳು.

ಪಾತ್ರೆ ಪಗಡ, ಅಚ್ಚು, ಗೂಟ, ಮಡಿಸಿದ ಸೀರೆ, ಎಲ್ಲವೂ ಬಸ್ಸಿನ ಮೇಲೇರಿತು. ಚಂದ್ರಮತಿ ಕಿಟಕಿಯಿಂದ ಕೈ ಚಾಚಿ ಅಕ್ಕನ ಬೆರಳು ಹಿಡಿದುಕೊಂಡೇ ಇದ್ದಳು. ಬಸ್ಸು ಹೊರಟಾಗ ಬಿಟ್ಟಳು.

ಹಗಲು ಗೂಡಿನ ಕೆಲಸದಲ್ಲಿ ಕಳೆಯುತ್ತಿತ್ತು. ಅಲ್ಲಿ ಆಳುಗಳಿದ್ದರು, ಗಾಡಿಯವರಿದ್ದರು, ಬೈಯುವುದಕ್ಕಾದರೂ ಜನ ಇದ್ದರು. ಬೈಗಿಗೆ ಮನೆಗೆ ಬಂದರೆ ಒಬ್ಬಳಿಗೆ ಒಂದು ಮುದ್ದೆ. ಒಬ್ಬಳಿಗೆ ಸಾರು ಮಾಡುವುದು ಕಷ್ಟ. ಎಷ್ಟು ಕಮ್ಮಿ ಹಾಕಿದರೂ ನಾಳೆಗೂ ಉಳಿಯುತ್ತಿತ್ತು. ಗೋಡೆಯ ಆ ಕಡೆ ಯಾರೂ ಇಲ್ಲ ಅಂತ ಗೊತ್ತಿದ್ದರೂ ಪಾತ್ರೆಯನ್ನು ಸದ್ದಾಗದಂತೆ ಇಡುತ್ತಿದ್ದಳು. ಪಕ್ಕದ ಮನೆಯವಳು ಬಂದು, "ಹೆಂಗೂ ಗೋಡೆ ಅದ, ಆ ಕಡೆದ ಬಾಡಿಗೆಗೆ ಕೊಡಕ್ಕ, ಜೊತೆಗೂ ಆಯ್ತದ," ಅಂದಳು. "ಅವ್ರು ಬಂದ್ರ ಎಲ್ಲಿ ಇರ್ತಾರ?" ಅಂದಳು ಶಾಂತಮಲ್ಲಮ್ಮ. ಆ ಕಡೆಯನ್ನೂ ದಿನಾ ಗುಡಿಸುತ್ತಿದ್ದಳು.

ಗಂಡುಕೂಸು ಹುಟ್ಟಿದ ಸುದ್ದಿ ಬಂತು. ಬೇಗೂರಿಗೆ ಹೋಗಿ ನೋಡಿ ಬಂದಳು. ಕೂಸು ಅವಳ ಮದುವೆ ಸೀರೆಯ ತೊಟ್ಟಿಲಲ್ಲಿ ಮಲಗಿತ್ತು. ಎತ್ತಿಕೊಂಡರೆ ಬೆಚ್ಚಗಿತ್ತು. ಅಷ್ಟು ಹೊತ್ತು ಮಾತ್ರ ಅವಳಿಗೆ ಯಾರ ಮೇಲೂ ಮುನಿಸು ಇರಲಿಲ್ಲ. ಬಾಣಂತನ ಮುಗಿಸಿ ಅವರೆಲ್ಲ ಗುಂಡ್ಲುಪೇಟೆಗೇ ಹೋದರು.

ಮತ್ತೆ ಬೇಸಗೆ ಬಂತು. ಒಂದು ಮಧ್ಯಾಹ್ನ ಅವಳು ಉಣ್ಣಲು ಮನೆಗೆ ಬಂದಿದ್ದಾಗ ಗುರುಪಾದಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ. ಕೈಯಲ್ಲಿ ಟವೆಲಿನ ಗಂಟು. ಬಿಚ್ಚಿ ಜಗಲಿಯ ಮೇಲಿಟ್ಟ: ಟೊಳ್ಳಿಟ್ಟಿಗೆ, ನಡುವಿಗೆ ಸೀಳಿತ್ತು.

"ಎಲ್ಲಾ ಹಿಂಗೇ ಆಯ್ತಾವ ಕಣ. ಬೂದಿ ಹಚ್ಚುದೆ, ಗೋಣಿ ಹೊದ್ಸುದೆ. ಅಲ್ಲಿ ಮಣ್ಣು ಒಗ್ಗದು. ಛತ್ರದ ಕೆಲಸ ನಿಂತದ, ಪುಟ್ಟಮಲ್ಲಪ್ಪ ರೇಗ್ತಾನ. ಯಾಕ್ ಹಿಂಗಾಯ್ತದ ಹೇಳು."

ಅವಳು ಇಟ್ಟಿಗೆಯ ಸೀಳನ್ನು ಬೆರಳಲ್ಲಿ ಸವರಿದಳು. ಕಪ್ಪು ಅಂಟುಮಣ್ಣು. ಏನು ಮಾಡಬೇಕು ಅಂತ ಆ ಕ್ಷಣವೇ ತಿಳಿಯಿತು. ಹೇಳಿದರೆ ಬಂದ ಬಸ್ಸಿಗೇ ಹೊರಟುಬಿಡುತ್ತಾನೆ. ನೋಡೋಣ ಬಿಡಿ, ವಾರ ಬಿಟ್ಟು ಬನ್ನಿ ಅಂದರೆ ಮತ್ತೆ ಬರುತ್ತಾನೆ, ಮತ್ತೆ ಹೊಂಗೆ ಮರ, ಮತ್ತೆ ಬುತ್ತಿ. ತೊಟ್ಟಿಲಲ್ಲಿದ್ದ ಕೂಸಿನ ನೆನಪಾಯಿತು. ಗೂಡು ನಿಂತರೆ ಅದರ ತಾಯಿ ಏನು ಉಣ್ಣುತ್ತಾಳೆ?

"ಹೇಳ್ತಿನಿ," ಅಂದಳು. "ಮೊದ್ಲು ಉಣ್ಣಿ."

"ಬಸ್ಸು—"

"ಉಣ್ದೆ ಹೇಳಲ್ಲ."

ಅವನು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಕೂತ. ಅವಳು ಬಿಸಿಯಾಗಿ ಇನ್ನೊಂದು ಮುದ್ದೆ ತೊಳಸಿದಳು. ಸೊಪ್ಪಿನ ಸಾರಿಗೆ ಒಗ್ಗರಣೆ ಹೊಸದಾಗಿ ಹಾಕಿದಳು. ಅವನ ಎದುರಿಗೆ ಕೂತು, ಅವನು ಮುದ್ದೆ ಮುರಿಯುವುದನ್ನೂ ನುಂಗುವುದನ್ನೂ ನೋಡಿದಳು. ಕೂಸು ಮಗುಚಿಕೊಂಡಿತಂತೆ. ಅವ್ವನಿಗೆ ಮಂಡಿ ನೋವಂತೆ. ಚಂದ್ರ ಇವಳನ್ನು ನೆನೆಸಿಕೊಳ್ಳುತ್ತಾಳಂತೆ. ಅನ್ನ ಬಡಿಸಿ ಮಜ್ಜಿಗೆ ಬಿಟ್ಟಳು. ಇನ್ನಷ್ಟು ಅನ್ನ ಬಡಿಸಿದಳು. ಅವನು ಬೇಡ ಅನ್ನಲಿಲ್ಲ. ಕೊನೆಗೆ ತಟ್ಟೆಗೆ ನೀರು ಹುಯ್ದು, ಬೆರಳಲ್ಲಿ ತಿರುವಿ ಕುಡಿದ.

ಇನ್ನು ತಡೆಯುವಂತಿರಲಿಲ್ಲ. "ಅಂಟು ಜಾಸ್ತಿ," ಅಂದಳು. "ಬೆಂದ ಇಟ್ಟಿಗೆ ಕುಟ್ಟಿ, ಪುಡಿ ಜರಡಿ ಹಿಡ್ದು ಮಣ್ಣಿಗೆ ಬೆರೆಸಿ. ನಮ್ಮ ಕೆರೆ ಮಣ್ಣಿನಂಗೆ ಕೈಲಿ ಒಡೀಬೇಕು, ಅಲ್ಲೀವರೆಗೂ ಬೆರೆಸಿ. ಸೀಳಲ್ಲ."

"ಅಷ್ಟೇನಾ?"

"ಅಷ್ಟೇ."

ಅವನು ಮತ್ತೆ ಇಟ್ಟಿಗೆಯನ್ನು ಗಂಟು ಕಟ್ಟಿದ. ಬಾಗಿಲ ತನಕ ಹೋದವನು ಹೊಸಿಲ ಮೇಲೆ ನಿಂತ, ಮುಖ ಹೊರಗಡೆ.

"ಶಾಂತ. ಆವತ್ತು ಗುಡಿಸ್ಲಲ್ಲಿ, ಹೊಟ್ಟೆ ಹಸೀತದ ಅಂದೆ ಅಂತ ಹೇಳಿದ್ಯಲ್ಲ."

"ಹ್ಞೂ."

"ನಾನು ಆವತ್ತು ಬಾಯೇ ಬುಟ್ಟಿರ್ಲಿಲ್ಲ ಕಣ. ಅಲ್ಲಿಂದಾಚೆಗೂ ಅಷ್ಟೇ. ಸುಮ್ಕೆ ನಿಂತ್ಕಂಡಿದ್ದು ಬತ್ತಿದ್ದೆ."

"ಮತ್ತ... ಇನ್ನೊಂದ್ಸಲ ಮಾಡನ ಅಂತಿದ್ರಲ್ಲ ನೀವು?"

"ಅಂತಿದ್ದೆ," ಅಂದ ಅವನು.

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಕೈ ಎತ್ತಿ ಓಡಿದ. ಗಂಟನ್ನು ಎದೆಗೆ ಒತ್ತಿಕೊಂಡು ಹತ್ತಿದ. ಅವಳ ಬಾಯಲ್ಲೂ ಒಂದು ಮಾತಿತ್ತು. ಜಗಲಿ ಇಳಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು.

ಒಳಗೆ ಬಂದಳು. ಅವನು ಉಂಡ ತಟ್ಟೆಯಲ್ಲಿ ಒಂದು ಅಗುಳೂ ಇರಲಿಲ್ಲ, ಒಂದು ತೊಟ್ಟು ಸಾರೂ ಇರಲಿಲ್ಲ. ಅದೇ ತಟ್ಟೆಗೆ ತನ್ನ ಮುದ್ದೆ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ಆರಿಹೋಗಿತ್ತು. ಎರಡು ತುತ್ತು ನುಂಗಿ ಗೋಡೆಯ ಕಡೆ ತಿರುಗಿದಳು.

"ಬೇಗೂರಿನ ಮಾತು ನಂಗೆ ಕೇಳಿತ್ತು ಕಣ್ರಿ," ಅಂದಳು ಗಟ್ಟಿಯಾಗಿ. "ಆವತ್ತೇ, ಪೂರ್ತಿ ಕೇಳಿತ್ತು."